ಸುಸ್ತಿನ ದೃಢೀಕರಣ ಪತ್ರ

ಮಕ್ಕಳಿಲ್ಲದ ದಂಪತಿಗೆ ಸುಸ್ತಾಗುವುದಿಲ್ಲ. ಇದು ನನ್ನ ಅಭಿಪ್ರಾಯವಲ್ಲ. ಬೋಗಾದಿಯ ನಮ್ಮ ಬಡಾವಣೆಯ ನಿವಾಸಿಗಳ ಕ್ಷೇಮಾಭಿವೃದ್ಧಿ ಸಂಘವು ಸೆಪ್ಟೆಂಬರ್ ತಿಂಗಳ ಸಭೆಯಲ್ಲಿ ಸರ್ವಾನುಮತದಿಂದ ಅಂಗೀಕರಿಸಿದ ಸಂಗತಿ. ಸರ್ವಾನುಮತ ಎಂದರೆ ಮಕ್ಕಳಿರುವ ಎಲ್ಲರ ಮತ. ಮಕ್ಕಳಿಲ್ಲದವರು ಇರುವುದು ಒಂದೇ ಮನೆಯಲ್ಲಿ. ವಿಷಯ ಅವರಿಗೇ ಸಂಬಂಧಿಸಿದ್ದರಿಂದ ನಿಯಮದಂತೆ ಅವರಿಗೆ ಮತವಿರಲಿಲ್ಲ.

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಅಕ್ಷರ ದುಂಡಗಿದೆ ಎಂಬ ಕಾರಣಕ್ಕೆ ಸಂಘದ ಪುಸ್ತಕಗಳನ್ನೆಲ್ಲ ಬರೆಯುವವಳು ನಾನೇ. ಅವುಗಳಲ್ಲಿ ಮುಖ್ಯವಾದದ್ದು ಬೀಗದಕೈ ಪುಸ್ತಕ. ನಮ್ಮಲ್ಲಿ ಊರಿಗೆ ಹೊರಟವರು ಮನೆಯ ಬೀಗದಕೈಯನ್ನು ನನಗೆ ಕೊಟ್ಟು, ತುಳಸಿಗೆ ನೀರು ಹಾಕಲು ಹೇಳಿ, ಪುಸ್ತಕದಲ್ಲಿ ಹೆಸರು, ಹೋಗುವ ಸ್ಥಳ, ಉದ್ದೇಶ ಬರೆದು ಸಹಿ ಹಾಕಿ ಹೋಗುವುದು ಪದ್ಧತಿ. ಐದು ವರ್ಷಗಳಿಂದ ಉದ್ದೇಶದ ಕಾಲಂನಲ್ಲಿ ಮದುವೆ, ಗೃಹಪ್ರವೇಶ, ಬಾಣಂತನ, ತಿಥಿ ಇವೇ ಇವೆ. ಒಬ್ಬರು ಮಾತ್ರ 'ಅತ್ತೆಗೆ ಹುಷಾರಿಲ್ಲವಂತೆ, ನೋಡಬೇಕು' ಎಂದು ಬರೆದಿದ್ದರು. ಆ 'ಅಂತೆ'ಯನ್ನು ಸಭೆಯಲ್ಲಿ ಚರ್ಚಿಸಿ ಹೊಡೆದುಹಾಕಲಾಯಿತು.

ಹೀಗಿರುವಾಗ ಒಂದು ಸಂಜೆ ಮೈತ್ರೇಯಿ ನಮ್ಮ ಗೇಟಿನ ಹತ್ತಿರ ಬಂದಳು. ಪದ್ಮಾವತಮ್ಮನವರ ಮಹಡಿ ಮನೆಯಲ್ಲಿ ಬಾಡಿಗೆಗಿರುವವಳು. ಮದುವೆಯಾಗಿ ಆರು ವರ್ಷ. ಖಾಸಗಿ ಶಾಲೆಯೊಂದರಲ್ಲಿ ಯುಕೆಜಿ ಮಕ್ಕಳಿಗೆ ಟೀಚರ್. ಗಂಡ ಸುಪ್ರೀತ್ ಯಾವುದೋ ಕಂಪನಿಯಲ್ಲಿ ದಿನವಿಡೀ ಫೋನಿನಲ್ಲಿ ಗ್ರಾಹಕರ ಬೈಗುಳ ಕೇಳುವ ಕೆಲಸದಲ್ಲಿದ್ದಾನೆ.

"ಬಿಂದಕ್ಕ, ಗಾಂಧಿ ಜಯಂತಿ ಶುಕ್ರವಾರ ಬಿದ್ದಿದೆ. ಮೂರು ದಿನ ಎಲ್ಲಾದ್ರೂ ಹೋಗಿ ಬರೋಣ ಅಂತ. ಬೀಗದಕೈ ನಿಮ್ಮ ಹತ್ರ ಇರ್ಲಿ."

"ಎಲ್ಲಿಗಮ್ಮ?"

"ಇನ್ನೂ ಗೊತ್ತಿಲ್ಲ ಅಕ್ಕ. ಒಂದು ಮಂಚ, ಒಂದು ಕಿಟಕಿ ಇದ್ರೆ ಸಾಕು. ಮೂರು ದಿನ ಯಾರೂ ನನ್ನನ್ನ ಮಿಸ್ ಅಂತ ಕರೀಬಾರ್ದು, ಅಷ್ಟೇ."

ಅವಳು ಉದ್ದೇಶದ ಕಾಲಂನಲ್ಲಿ 'ವಿಶ್ರಾಂತಿ' ಎಂದು ಬರೆದು, ಸ್ಥಳದ ಕಾಲಂ ಖಾಲಿ ಬಿಟ್ಟು, ಸಹಿ ಹಾಕಿದಳು. ತಪ್ಪಾದದ್ದು ಅಲ್ಲಿಯೇ. ನಮ್ಮ ಬಡಾವಣೆಯಲ್ಲಿ ಖಾಲಿ ಸೈಟನ್ನೂ ಖಾಲಿ ಕಾಲಮ್ಮನ್ನೂ ಯಾರೂ ಹಾಗೆಯೇ ಬಿಡುವುದಿಲ್ಲ.

ಪುಸ್ತಕವನ್ನು ಅಧ್ಯಕ್ಷರಾದ ಬಿಂದುಮಾಧವ ರಾಯರಿಗೆ ತೋರಿಸಬೇಕಾಯಿತು. ರಾಯರು ನಿವೃತ್ತ ಕಚೇರಿ ಅಧೀಕ್ಷಕರು. ಅವರ ತಾತ ಅರಮನೆಯಲ್ಲಿ ಸವಾರಿ ಹೊರಡುವ ಮುಂಚೆ ಸಾಮಾನಿನ ಪಟ್ಟಿ ಬರೆಯುತ್ತಿದ್ದರಂತೆ. ಆದ್ದರಿಂದ ಬಡಾವಣೆಯಲ್ಲಿ ಯಾರು ಎಲ್ಲಿಗೆ ಹೊರಟರೂ ಅದು ತಮ್ಮ ಮನೆತನದ ಕೆಲಸವೆಂದೇ ಅವರು ತಿಳಿದಿದ್ದಾರೆ. ಮರುದಿನ ಬೆಳಗ್ಗೆ ಪಾರ್ಕಿನ ಗೇಟಿಗೆ ಪ್ರಕಟಣೆ ಅಂಟಿಸಲಾಯಿತು:

'ಹೋಗುವ ಸ್ಥಳವನ್ನು ನಿರ್ಧರಿಸಲು ಅಶಕ್ತರಾಗಿರುವ ದಂಪತಿಯ ಅನುಕೂಲಕ್ಕಾಗಿ ಸ್ಥಳ ಆಯ್ಕೆ ಉಪಸಮಿತಿಯನ್ನು ರಚಿಸಲಾಗಿದೆ. ದಂಪತಿಯು ಉಪಸಮಿತಿಯ ಕೆಲಸದಲ್ಲಿ ತಲೆ ಹಾಕದೆ ಸಹಕರಿಸತಕ್ಕದ್ದು.'

ಉಪಸಮಿತಿಯಲ್ಲಿ ನಾಲ್ವರು: ರಾಯರು, ಮೈತ್ರೇಯಿಯ ಮನೆ ಓನರ್ ಆದ್ದರಿಂದ ಪದ್ಮಾವತಮ್ಮ, ಬಾಡಿಗೆಗೆ ಟೆಂಪೋ ಟ್ರಾವೆಲರ್ ಗಾಡಿ ಓಡಿಸುವ ಕುಮಾರಸ್ವಾಮಿ, ಬರೆದುಕೊಳ್ಳಲು ನಾನು. ಸಂಘದ ಸೆಪ್ಟೆಂಬರ್ ಸಭೆಯಲ್ಲೇ ಉಪಸಮಿತಿಯ ಕಲಾಪವನ್ನೂ ಇಟ್ಟುಕೊಂಡು ಎಲ್ಲರೂ ರಾಯರ ಮನೆಯ ವರಾಂಡದಲ್ಲಿ ಸೇರಿದರು. ದಂಪತಿಗೆ ಮೆಟ್ಟಿಲ ಮೇಲೆ ಆಸನ ಕಲ್ಪಿಸಲಾಗಿತ್ತು.

ಮೊದಲು ಪದ್ಮಾವತಮ್ಮ ಮಾತಾಡಿದರು. "ವಿಶ್ರಾಂತಿ ಎಲ್ಲಿ ಬೇಕಾದ್ರೂ ಸಿಕ್ಕುತ್ತೆ ಕಣಮ್ಮ. ಮಗು ಎಲ್ಲಾ ಕಡೆ ಸಿಕ್ಕಲ್ಲ. ಹರಕೆ ಹೊತ್ಕೊಂಡು, ಬರಿಗಾಲಲ್ಲಿ ಯಾವುದಾದ್ರೂ ಬೆಟ್ಟ ಹತ್ತಿ ಬಾ."

"ಬೆಟ್ಟ ಹತ್ತಿದ್ರೆ ಸುಸ್ತಾಗುತ್ತಲ್ಲಮ್ಮ?" ಎಂದ ಸುಪ್ರೀತ್.

"ಸುಸ್ತಾ? ನಿಂಗಾ? ಯಾತಕ್ಕಪ್ಪ?"

ಯಾರಿಗೂ ಅದುವರೆಗೆ ಈ ಪ್ರಶ್ನೆ ಹೊಳೆದಿರಲಿಲ್ಲ. ರಾಯರು ಕನ್ನಡಕ ತೆಗೆದು ಒರೆಸಿದರು. ಸುಸ್ತಿಲ್ಲದವರಿಗೆ ವಿಶ್ರಾಂತಿ ಮಂಜೂರು ಮಾಡಿದರೆ ನಾಳೆ ಹಸಿವಿಲ್ಲದವರು ಊಟ ಕೇಳುತ್ತಾರೆ ಎಂದರು. ಮೇಲೆ ಹೇಳಿದ ನಿರ್ಣಯ ಅಂಗೀಕಾರವಾದದ್ದು ಆಗಲೇ. ಆದರೂ ಸಂಘ ಕಲ್ಲುಹೃದಯದ್ದಲ್ಲ. ಅರ್ಜಿದಾರರು ಸುಸ್ತಿನ ದೃಢೀಕರಣ ಪತ್ರ ತಂದರೆ ಪರಿಗಣಿಸಬಹುದು, ಪತ್ರಕ್ಕೆ ಕನಿಷ್ಠ ಎರಡು ಮಕ್ಕಳಿರುವ ತಾಯಿಯೊಬ್ಬಳ ಸಹಿ ಇರತಕ್ಕದ್ದು ಎಂದು ತೀರ್ಮಾನವಾಯಿತು.

ನನಗೆ ಎರಡಿವೆ. ಸಮರ್ಥನಿಗೆ ಆರು, ಸಿಂಚನಾಗೆ ಮೂರು. ಗಂಡ ವಿಜಯ್‌ಕುಮಾರ್‌ಗೆ ಮೇಟಗಳ್ಳಿಯ ಕಾರ್ಖಾನೆಯಲ್ಲಿ ಶಿಫ್ಟು. ಮನೆಯಲ್ಲಿದ್ದಾಗ ಮಲಗಿರುತ್ತಾರೆ, ಎದ್ದಾಗ ಹೊರಟಿರುತ್ತಾರೆ. ಹೀಗಾಗಿ ಸುಸ್ತಿನ ವಿಷಯದಲ್ಲಿ ನನ್ನ ಅರ್ಹತೆಯನ್ನು ಯಾರೂ ಪ್ರಶ್ನಿಸಲಿಲ್ಲ. ಫಾರಂ ತಯಾರಿಸಿ ಮೈತ್ರೇಯಿಯ ಎದುರು ಕೂತೆ.

"ಕಳೆದ ವಾರ ಬಿಸಿ ಅನ್ನ ಬಿಸಿ ಇರುವಾಗಲೇ ಎಷ್ಟು ಸಲ ತಿಂದೆ?"

"ಮನೇಲಿ ಇದ್ದಾಗೆಲ್ಲ ತಿಂದೆ ಅಕ್ಕ."

"ಬಚ್ಚಲಲ್ಲಿದ್ದಾಗ ಬಾಗಿಲು ಬಡಿಯೋರು ಯಾರಾದ್ರೂ ಇದ್ದಾರಾ?"

"ಇಲ್ಲ. ಆದ್ರೆ ಶಾಲೆಲಿ ನಲವತ್ತೆರಡು ಮಕ್ಳು ಅಕ್ಕ. ದಿನಕ್ಕೆ ಒಬ್ರಾದ್ರೂ ನನ್ನ ಸೀರೆಗೇ ವಾಂತಿ ಮಾಡ್ತಾರೆ."

"ಅವು ಸಂಬಳದ ಮಕ್ಳು. ಫಾರಂನಲ್ಲಿ ಬರಲ್ಲ."

ಅವಳು ನನ್ನ ಮುಖ ನೋಡಿದಳು. ಕಣ್ಣಿನ ಕೆಳಗೆ ಕಪ್ಪಾಗಿತ್ತು. ಫಾರಂನಲ್ಲಿ ಕಣ್ಣಿನ ಕೆಳಗೆ ಎಂಬ ಕಾಲಂ ಇರಲಿಲ್ಲ. 'ಸುಸ್ತು ಕಂಡುಬಂದಿಲ್ಲ' ಎಂದು ಬರೆದು ಸಹಿ ಹಾಕಿದೆ.

ಅಷ್ಟರಲ್ಲಿ ಸುಪ್ರೀತ್ ಬುದ್ಧಿವಂತಿಕೆ ತೋರಿಸಿದ. ಸ್ಥಳ ತಾನೇ ಖಾಲಿ ಇರುವುದು, ತುಂಬಿಬಿಟ್ಟರೆ ಗಲಾಟೆ ಮುಗಿಯುತ್ತದೆಂದು ಕಬಿನಿ ಹಿನ್ನೀರಿನ ದಡದ ಒಂದು ಹೋಂಸ್ಟೇಯಲ್ಲಿ ರೂಮು ಬುಕ್ ಮಾಡಿ, ಫೋಟೋವನ್ನು ಬಡಾವಣೆಯ ವಾಟ್ಸಾಪ್ ಗ್ರೂಪಿಗೇ ಹಾಕಿದ. ಫೋಟೋದಲ್ಲಿ ಮಂಚವಿತ್ತು. ಮಂಚದ ಪಕ್ಕ ದೊಡ್ಡ ಕಿಟಕಿ. ಕಿಟಕಿಯಾಚೆ ನೀರು ಬಿಟ್ಟರೆ ಏನೂ ಇರಲಿಲ್ಲ. ಆ ಫೋಟೋವನ್ನು ಬಡಾವಣೆಯ ಹೆಂಗಸರೆಲ್ಲ ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ನೋಡಿದರು. ನಾನೂ ನೋಡಿದೆ. ದಿಂಬು ನಾಲ್ಕಿದ್ದವು. ಒಂದರ ಮೇಲೂ ಸ್ಕೆಚ್ ಪೆನ್ನಿನ ಗೀಟಿರಲಿಲ್ಲ.

ತುರ್ತು ಸಭೆ ಕರೆಯಲಾಯಿತು.

"ಸಂಘ ಕಣ್ಣಾರೆ ನೋಡದ ಸ್ಥಳವನ್ನ ಶಿಫಾರಸು ಮಾಡೋ ಹಾಗಿಲ್ಲ. ಪರಿಶೀಲನೆ ಆಗ್ಬೇಕು," ಎಂದರು ರಾಯರು.

"ನಾವೇ ಹೋಗಿ ನೋಡ್ಕೊಂಡು ಬಂದ್ರೆ ಆಗಲ್ವಾ ಸರ್?" ಎಂದಳು ಮೈತ್ರೇಯಿ.

"ನೀವು ಅರ್ಜಿದಾರರು ಕಣಮ್ಮ. ಅರ್ಜಿದಾರರೇ ಪರಿಶೀಲನೆ ಮಾಡೋದುಂಟೇ? ಮೂವತ್ತೆಂಟು ವರ್ಷದ ಸರ್ವೀಸಲ್ಲಿ ನಾನು ನೋಡಿಲ್ಲ."

ಯಾವ ದಿನ ಪರಿಶೀಲಿಸುವುದೆಂಬ ಪ್ರಶ್ನೆ ಬಂತು. ಬೇರೆ ದಿನ ಹೋದರೆ ಬೇರೆ ದಿನದ ವಿಶ್ರಾಂತಿ ಗೊತ್ತಾಗುತ್ತದೆಯೇ ಹೊರತು ಗಾಂಧಿ ಜಯಂತಿಯದು ಗೊತ್ತಾಗುವುದಿಲ್ಲ. ಆದ್ದರಿಂದ ಅದೇ ಮೂರು ದಿನ. ಯಾರು ಹೋಗುವುದು? ವಿಶ್ರಾಂತಿ ಸರಿಯಾಗಿದೆಯೇ ಎಂದು ಹೇಳಬಲ್ಲವರು ಅದಿಲ್ಲದವರೇ. ಆದ್ದರಿಂದ ತಾಯಿ ತಂದೆಯರು.

"ನನ್ನ ಗಾಡೀಲಿ ಹದಿಮೂರು ಸೀಟು ಕಣ್ರೀ ಸರ್," ಎಂದ ಕುಮಾರಸ್ವಾಮಿ. "ಖಾಲಿ ಸೀಟ್ ಇಟ್ಕೊಂಡು ಹೋದ್ರೆ ನಂಗೆ ಗಿಟ್ಟಲ್ಲ." ಪರಿಶೀಲಕರ ಸಂಖ್ಯೆ ಹದಿಮೂರೆಂದು ನಿಗದಿಯಾಯಿತು. ಹೋಂಸ್ಟೇಯ ಉಳಿದ ರೂಮುಗಳೂ ಅಲ್ಲಿಯೇ ಫೋನಿನಲ್ಲಿ ಬುಕ್ ಆದವು.

ಇನ್ನು ಉಳಿದದ್ದು ಮಕ್ಕಳು. ಸರ್ಕಾರಿ ಕೆಲಸಕ್ಕೆ ಹೋಗುವಾಗ ಮಕ್ಕಳನ್ನು ಕರೆದೊಯ್ಯುವುದು ಶಿಸ್ತಲ್ಲವೆಂದು ರಾಯರು ಹೇಳಿದರು. ಇದು ಸರ್ಕಾರಿ ಕೆಲಸವಲ್ಲವಲ್ಲ ಎಂದು ಯಾರೂ ಕೇಳಲಿಲ್ಲ. ನಾನು ಕೇಳಬಹುದಿತ್ತು. ಬರೆದುಕೊಳ್ಳುತ್ತಿದ್ದೆ.

ಆಗ ಪದ್ಮಾವತಮ್ಮ, ಕರುಣೆಯಿಂದಲೇ, ಒಂದು ಮಾತು ಹೇಳಿದರು. "ಪಾಪ, ಆ ಹುಡುಗಿಗೆ ಸುಸ್ತಿನ ಕಾಗದ ಸಿಕ್ಕಿಲ್ಲ. ಸುಸ್ತಾಗೋಕೆ ಒಂದು ಅವಕಾಶನಾದ್ರೂ ಕೊಡಬೇಕಲ್ವೇ? ಮಕ್ಳನ್ನೆಲ್ಲ ಅವರ ಮನೇಲೇ ಬಿಡಿ. ಮಡಿಲೂ ತುಂಬಿದಂಗಾಗುತ್ತೆ, ಕಾಗದವೂ ಬಂದಂಗಾಗುತ್ತೆ."

ಎಲ್ಲರೂ ಚಪ್ಪಾಳೆ ತಟ್ಟಿದರು. ಸುಪ್ರೀತ್ ಏನೋ ಹೇಳಲು ಎದ್ದು ನಿಂತ. ಬಾಡಿಗೆ ಕರಾರು ನವೆಂಬರಿಗೆ ಮುಗಿಯುತ್ತದೆಂದು ಪದ್ಮಾವತಮ್ಮ ಯಾರಿಗೂ ಅಲ್ಲದ ಹಾಗೆ ನೆನಪಿಸಿಕೊಂಡರು. ಅವನು ಕೂತ. ದಿನವಿಡೀ ಕೇಳುವ ಕೆಲಸ ಅಭ್ಯಾಸವಾದವನು.

ಶುಕ್ರವಾರ ಬೆಳಗ್ಗೆ ಆರೂವರೆಗೆ ಹನ್ನೊಂದು ಮಕ್ಕಳನ್ನು ದಿಂಬು, ನೀರಿನ ಬಾಟಲಿ, ಕೆಮ್ಮಿನ ಔಷಧಿಗಳ ಸಮೇತ ಮಹಡಿ ಮನೆಗೆ ಒಪ್ಪಿಸಿ ಸಹಿ ಪಡೆಯಲಾಯಿತು. ಊರಿಗೆ ಹೊರಡುವವರು ನಾವಾದ್ದರಿಂದ ಎಲ್ಲ ಮನೆಗಳ ಬೀಗದಕೈ ಗೊಂಚಲನ್ನೂ ಪದ್ಧತಿಯಂತೆ ಮೈತ್ರೇಯಿಗೇ ಕೊಟ್ಟೆ. "ತುಳಸಿಗಳಿಗೆ ಮರೀಬೇಡ," ಎಂದೆ.

"ಮಿಸ್, ಸೂಸು," ಎಂದಿತು ಒಳಗಿನಿಂದ ಯಾವುದೋ ಮಗು. ಅದಕ್ಕೆ ಯಾರು ಹೇಳಿಕೊಟ್ಟರೋ ತಿಳಿಯದು.

ಎಚ್.ಡಿ. ಕೋಟೆ ದಾಟುವವರೆಗೆ ಗಾಡಿಯಲ್ಲಿ ಯಾರೂ ಮಾತಾಡಲಿಲ್ಲ. ಮಾತಾಡಿದರೆ ಯಾರಾದರೂ ಹಿಂದಕ್ಕೆ ಕರೆದಾರೆಂಬ ಹೆದರಿಕೆ. ಸುಪ್ರೀತ್ ಬುಕ್ ಮಾಡಿದ್ದ ರೂಮಿನ ಪರಿಶೀಲನೆ ನನ್ನ ಪಾಲಿಗೆ ಬಂತು. ಮಂಚವನ್ನು ಹನ್ನೊಂದು ಗಂಟೆ ಎಡೆಬಿಡದೆ ಪರಿಶೀಲಿಸಿದೆ. ನನ್ನ ಗಂಡ ಪಕ್ಕದಲ್ಲಿ ಸ್ವತಂತ್ರವಾಗಿ ಪರಿಶೀಲಿಸುತ್ತಿದ್ದರು. ಎದ್ದು ಬಿಸಿ ಅನ್ನ ಉಂಡು, ಫಲಿತಾಂಶ ಖಚಿತವಾಗಲಿ ಎಂದು ಇನ್ನೊಮ್ಮೆ ಪರಿಶೀಲಿಸಿದೆವು.

ಶನಿವಾರ ಮಧ್ಯಾಹ್ನ ಫೋನು ಬಂತು. "ಅಕ್ಕ, ಸಮರ್ಥ ಮೂಗೊಳಗೆ ಕಡ್ಲೆಕಾಳು ಹಾಕ್ಕೊಂಡ್ಬುಟ್ಟಿದ್ದಾನೆ!"

"ಯಾವ ಹೊಳ್ಳೆ?"

"ಎಡಗಡೇದು."

"ಎಡಗಡೆ ಅಂದ್ರೆ ಸೀನಿದ್ರೆ ಬರುತ್ತೆ. ಬಲಗಡೇದಾದ್ರೆ ಮಾತ್ರ ಡಾಕ್ಟ್ರು. ಈಗ ಇಡ್ತೀನಮ್ಮ, ಪರಿಶೀಲನೇಲಿದ್ದೀನಿ."

ಭಾನುವಾರ ಸಂಜೆ ಹಿಂದಿರುಗಿದೆವು. ಸುಪ್ರೀತ್ ಗೇಟಿನ ಮೇಲೆ ಗಲ್ಲ ಊರಿ ನಿಂತಿದ್ದ. ಅವನ ಅಂಗಿಗೆ ಬೇರೆ ಯಾವುದೋ ಅಂಗಿಯ ಗುಂಡಿ ಹೊಲಿಯಲಾಗಿತ್ತು. ಹನ್ನೊಂದು ಮಕ್ಕಳೂ ಸರಿಯಾಗಿದ್ದವು. ತುಳಸಿಗಳೆಲ್ಲ ಹಸಿರಾಗಿದ್ದವು. ಅದೇ ಸಂಜೆಯ ಸಭೆಯಲ್ಲಿ ರಾಯರು ವರದಿ ಓದಿದರು: ಸ್ಥಳವು ವಿಶ್ರಾಂತಿಗೆ ಅತ್ಯಂತ ಯೋಗ್ಯವಾಗಿದೆ, ದಂಪತಿಯು ತಪ್ಪದೆ ಹೋಗಬಹುದು. ನಾನು ಫಾರಂ ತೆಗೆದು 'ಸುಸ್ತು ಕಂಡುಬಂದಿದೆ' ಎಂದು ದುಂಡಗೆ ಬರೆದು ಸಹಿ ಹಾಕಿ ಕೊಟ್ಟೆ. ಮೈತ್ರೇಯಿ ಎರಡೂ ಕೈಯಲ್ಲಿ ತೆಗೆದುಕೊಂಡಳು.

"ಹಾಗಾದ್ರೆ ಮುಂದಿನ ಸಾಲು ರಜೆಗೆ ನಾವು ಹೋಗಬಹುದಾ ಸರ್?"

"ಅಗತ್ಯವಾಗಿ. ಆದ್ರೆ ಪತ್ರದ ಅವಧಿ ಏಳು ದಿನ ಕಣಮ್ಮ. ಆಮೇಲೆ ಸುಸ್ತು ಇಳಿದಿರುತ್ತಲ್ಲ? ಹೊಸದಾಗಿ ಮಾಡಿಸ್ಕೋಬೇಕು. ಸ್ಥಳದ ವರದಿಯೂ ಅಷ್ಟೆ. ದೀಪಾವಳಿ ವಿಶ್ರಾಂತಿ ಬೇರೆ, ಗಾಂಧಿ ಜಯಂತಿ ವಿಶ್ರಾಂತಿ ಬೇರೆ."

ಕುಮಾರಸ್ವಾಮಿ ಇನ್ನೂ ದೊಡ್ಡ ಗಾಡಿಗೆ ಮುಂಗಡ ಕೊಟ್ಟಿರುವುದಾಗಿ ತಿಳಿಸಿದ. ಸಭೆ ಹರ್ಷ ವ್ಯಕ್ತಪಡಿಸಿತು.

ಬೀಗದಕೈ ಗೊಂಚಲು ಹಿಂದಿರುಗಿಸಲು ಮೈತ್ರೇಯಿ ನಮ್ಮ ಗೇಟಿಗೆ ಬಂದಳು. ಹೋಗದೆ ಅಲ್ಲೇ ನಿಂತಳು.

"ಬಿಂದಕ್ಕ, ಆ ಕಿಟಕಿ ಹೆಂಗಿತ್ತು?"

"ನೀರಮ್ಮ. ಬರೀ ನೀರು. ಬೆಳಗ್ಗೆ ಮಂಜು ಕೂತಿರುತ್ತೆ, ನೀರು ಯಾವುದು ಆಕಾಶ ಯಾವುದು ಗೊತ್ತಾಗಲ್ಲ. ಒಂದು ಹಕ್ಕಿ ಒಣಮರದ ಮೇಲೆ ರೆಕ್ಕೆ ಬಿಚ್ಚಿ ಒಣಗಿಸ್ಕೋತಿತ್ತು. ಯಾರೂ ಯಾರನ್ನೂ ಕರೀತಿರ್ಲಿಲ್ಲ."

ಅವಳು ಗೇಟಿನ ಕಂಬಕ್ಕೆ ಒರಗಿ ಕಣ್ಣು ಮುಚ್ಚಿದಳು. ನಾನು ಹೇಳುತ್ತಾ ಹೋದೆ. ಗೋಡೆ ಗಡಿಯಾರದ ಪ್ರಕಾರ ನಾಲ್ಕು ನಿಮಿಷ. ಆಮೇಲೆ ಒಳಗಿನಿಂದ ಸಿಂಚನಾ "ಮಿಸ್!" ಎಂದು ಕೂಗಿಕೊಂಡು ಬಂದು ಅವಳ ಸೀರೆ ಹಿಡಿದಳು.

ನಾನು ಬೀಗದಕೈ ಪುಸ್ತಕ ತೆಗೆದು ಅವಳ ಹೆಸರಿನ ಮುಂದೆ ಖಾಲಿ ಇದ್ದ ಕಾಲಂನಲ್ಲಿ 'ಕಬಿನಿ' ಎಂದು ತುಂಬಿದೆ. ಕೆಳಗೆ, 'ನಾಲ್ಕು ನಿಮಿಷ ವಿಶ್ರಾಂತಿ ಪಡೆದು ಸುರಕ್ಷಿತವಾಗಿ ಹಿಂದಿರುಗಿದ್ದಾರೆ' ಎಂದು ಬರೆದೆ. ಮೈತ್ರೇಯಿ ಓದಿ ನೋಡಿ, ಸರಿಯಾಗಿದೆ ಎಂದು ಸಹಿ ಹಾಕಿ, ಸಿಂಚನಾಳ ಮೂಗು ಒರೆಸಿದಳು.