ಹಿಂದೆ ಸರಿಯದ ಕಾರು

ಗೇರ್‌ಬಾಕ್ಸನ್ನು ಬಿಚ್ಚಿ, ತೊಳೆದು, ಒರೆಸಿ, ಮತ್ತೆ ಜೋಡಿಸಿ ಮುಗಿಸಿದ ಮೇಲೆ ತಟ್ಟೆಯಲ್ಲಿ ಒಂದು ಸ್ಪ್ರಿಂಗ್ ಉಳಿದುಕೊಂಡಿತು. ಕಿರುಬೆರಳಿನ ಉಗುರಿನಷ್ಟಿತ್ತು, ಅಷ್ಟೆ. ಹಲ್ಲಿನ ಡಾಕ್ಟರು ಅದನ್ನು ಚಿಮಟದಲ್ಲಿ ಹಿಡಿದು ದೀಪಕ್ಕೊಡ್ಡಿ ನೋಡಿದರು. ರೋಗಿಯನ್ನು ಮನೆಗೆ ಕಳಿಸಿದ ಮೇಲೆ ತಟ್ಟೆಯಲ್ಲಿ ಹಲ್ಲೊಂದು ಹೆಚ್ಚಿಗೆ ಸಿಕ್ಕಿದರೆ ಹೇಗಾಗುತ್ತದೋ, ಅವರಿಗೆ ಹಾಗಾಯಿತು.

ಕಾರು ಮಾತ್ರ ಏನೂ ಆಗದ ಹಾಗೆ ಗುಟುರು ಹಾಕಿತು. ಮುಂದಕ್ಕೆ ಹೋಗುವ ಗೇರುಗಳೆಲ್ಲ ಬೆಣ್ಣೆಯಿಂದ ಕೂದಲೆಳೆದಷ್ಟು ಸಲೀಸಾಗಿ ಬಿದ್ದವು. ಹಿಂದಕ್ಕೆ ಹೋಗುವ ಗೇರು ಮಾತ್ರ ಏನು ಮಾಡಿದರೂ ಬೀಳಲಿಲ್ಲ. ಮರುದಿನ ಬೆಳಿಗ್ಗೆಯೇ ಹಳೆಯ ಕಾರುಗಳ ಪ್ರದರ್ಶನ. ಮತ್ತೆ ಬಿಚ್ಚಿ ಕೂರಲು ಹೊತ್ತಿರಲಿಲ್ಲ.

"ಹಿಂದಕ್ಕೆ ಹೋಗೋ ಕೆಲಸ ನಮಗೇನಿದೆ?" ಎಂದರು ಡಾಕ್ಟರು ಹೆಂಡತಿಗೆ. "ಮುಂದಕ್ಕೆ ಹೋಗೋದು, ಮುಂದಕ್ಕೇ ಸುತ್ತಿಕೊಂಡು ಮನೆಗೆ ಬರೋದು."

"ಶೆಡ್ಡಿನಿಂದ ಹೊರಗೆ ಬರೋದು?" ಎಂದು ಕೇಳಿದಳು ಹೆಂಡತಿ.

ಕಾರು ಮೂತಿಯನ್ನು ಶೆಡ್ಡಿನ ಗೋಡೆಗೆ ಮಾಡಿಕೊಂಡು ನಿಂತಿತ್ತು.

ಆ ಕಾರಿನ ಬಗ್ಗೆ ಎರಡು ಮಾತು ಹೇಳಲೇಬೇಕು. ಕೋಳಿ ಸಾಕುವವನೊಬ್ಬನ ಹಿತ್ತಿಲಲ್ಲಿ ಅದು ಡಾಕ್ಟರ ಕಣ್ಣಿಗೆ ಬಿದ್ದಾಗ ಚಾಲಕನ ಸೀಟಿನಲ್ಲಿ ಒಂದು ಹೇಂಟೆ ಕಾವಿಗೆ ಕೂತಿತ್ತು. ಇಬ್ಬರೇ ಕೂರಬಹುದಾದ, ಉದ್ದ ಮೂತಿಯ, ಮೇಲೆ ಚಾವಣಿಯಿಲ್ಲದ ಹಳೇ ಸ್ಪೋರ್ಟ್ಸ್ ಕಾರು. ತುಕ್ಕು ಎಲ್ಲಿ ಮುಗಿಯುತ್ತದೆ, ಕಬ್ಬಿಣ ಎಲ್ಲಿ ಶುರುವಾಗುತ್ತದೆ ಎಂದು ಹೇಳುವ ಹಾಗಿರಲಿಲ್ಲ. ಅಲ್ಲಿಂದ ಮುಂದೆ ಡಾಕ್ಟರ ಭಾನುವಾರಗಳೆಲ್ಲ ಅದರ ಹೊಟ್ಟೆಯ ಕೆಳಗೇ ಕಳೆದವು. ಮೂತಿಯ ಜಾಲರಿಯನ್ನು ಹಲ್ಲುಜ್ಜುವ ಬ್ರಷ್ಷಿನಿಂದ ಪಟ್ಟಿ ಪಟ್ಟಿಯಾಗಿ ತಿಕ್ಕಿ ಬೆಳಗಿದರು. ಕಾರ್ಬ್ಯುರೇಟರಿನ ಸಂದುಗೊಂದುಗಳಲ್ಲಿ ಕೂತ ಮಣ್ಣನ್ನು ದವಡೆಹಲ್ಲಿನ ಹುಳುಕು ಕೆರೆಯುವ ಕೊಕ್ಕೆಯಿಂದಲೇ ಕೆರೆದು ತೆಗೆದರು. ಸೀಟಿಗೆ ಕೆಂಪು ಚರ್ಮ ಹೊದಿಸಿ, ಒಸಡಿಗೆ ಹಾಕುವ ಹೊಲಿಗೆಯನ್ನೇ ಹಾಕಿದರು. ಡ್ಯಾಶ್‌ಬೋರ್ಡಿಗೆ ಒಳ್ಳೆಯ ಮರ ಎಲ್ಲೂ ಸಿಗದೆ ಊಟದ ಮೇಜಿನ ಒಂದು ಹಲಗೆ ಹೋಯಿತು. ಅಂದಿನಿಂದ ಆ ಮನೆಗೆ ಊಟಕ್ಕೆ ಬಂದವರು ಮೊಣಕೈ ಮಡಿಸಿಕೊಂಡೇ ಉಣ್ಣಬೇಕಾಗಿತ್ತು.

ಹಿಂಭಾಗವನ್ನಂತೂ ಅವರು ಪೂರ್ತಿ ತಮ್ಮ ಮನಸ್ಸಿನಂತೆ ಮಾಡಿಕೊಂಡಿದ್ದರು. ಕಾರ್ಖಾನೆಯವರು ಕೊಟ್ಟಿದ್ದ ಚೌಕಾಕಾರದ ಬೆನ್ನು ಅವರಿಗೆ ಹಿಡಿಸಿರಲಿಲ್ಲ. ತಗಡಿನ ಹಾಳೆಯನ್ನು ತಟ್ಟಿ ತಟ್ಟಿ, ತೊಟ್ಟಿಕ್ಕಲು ಹೊರಟ ನೀರಹನಿಯಂತೆ ಇಳಿಜಾರು ಮಾಡಿ, ತುದಿಯಲ್ಲಿ ಎರಡು ಪುಟ್ಟ ಗುಂಡು ದೀಪ ಕೂರಿಸಿದ್ದರು. ಕೆಲಸ ಮುಗಿದ ಸಂಜೆ ಅದರ ಮೇಲೆ ಕೈಯಾಡಿಸುತ್ತಾ ಎಷ್ಟು ಹೊತ್ತು ನಿಂತಿದ್ದರೋ, ಹೆಂಡತಿ ಮೂರು ಸಲ ಊಟಕ್ಕೆ ಕರೆದದ್ದು ಅವರಿಗೆ ಕೇಳಿಸಿರಲಿಲ್ಲ.

ಭಾನುವಾರ ಬೆಳಿಗ್ಗೆ ಗಂಡ ಹೆಂಡತಿ ಸೇರಿ ಕಾರನ್ನು ಶೆಡ್ಡಿನಿಂದ ಹಿಂದಕ್ಕೆ ತಳ್ಳಿದರು. ಯಾರೂ ಏಳುವ ಮುಂಚೆ ಕೆಲಸ ಮುಗಿಸಬೇಕೆಂಬುದು ಅವರ ಲೆಕ್ಕ. ಆದರೆ ಎದುರು ಮನೆಯಲ್ಲಿ ನಿವೃತ್ತ ಸ್ಟೇಷನ್ ಮಾಸ್ತರಿದ್ದರು. ರೈಲುಗಳಿಗೆ ದಾರಿ ತೋರಿಸಿ ಬದುಕು ಸವೆಸಿದ ಮನುಷ್ಯ. ನಿವೃತ್ತಿಯಾದ ಮೇಲೆ ಬೀದಿಯ ಕಾರುಗಳನ್ನು ವಹಿಸಿಕೊಂಡಿದ್ದರು. ಯಾರದೇ ಗಾಡಿ ಹಿಂದಕ್ಕೆ ಸರಿಯುವ ಸದ್ದು ಕೇಳಿದರೆ ಸಾಕು, ಸ್ನಾನ ಮಾಡುತ್ತಿದ್ದರೂ ಟವೆಲು ಸುತ್ತಿಕೊಂಡು, ಬಾಯಲ್ಲಿ ಸೀಟಿ ಕಚ್ಚಿಕೊಂಡು, ಅದರ ಬೆನ್ನಿಗೆ ಹಾಜರಾಗುತ್ತಿದ್ದರು. ಅವರ "ಬರ್ಲಿ ಬರ್ಲಿ ಬರ್ಲಿ" ಇಲ್ಲದೆ ಆ ಬೀದಿಯಲ್ಲಿ ಒಂದು ಸೈಕಲ್ಲೂ ಹಿಂದೆ ಹೋದದ್ದಿಲ್ಲ.

ಅವತ್ತೂ ಬಂದರು. ತಳ್ಳುವುದೇಕೆ, ಎಂಜಿನ್ ಇಲ್ಲವೇ ಎಂದು ವಿಚಾರಿಸಿದರು. ಹಳೆಯ ಕಾರನ್ನು ಬೆಳಿಗ್ಗೆ ಎದ್ದ ಕೂಡಲೇ ದುಡಿಸಬಾರದು, ಅದಕ್ಕೆ ಒಳ್ಳೆಯದಲ್ಲ ಎಂದು ಡಾಕ್ಟರು ತೋಚಿದ್ದು ಹೇಳಿದರು. ಮಾಸ್ತರು ತಲೆಯಾಡಿಸಿದರು. ನಂಬಿದ ತಲೆಯ ಹಾಗೆ ಅದು ಕಾಣಲಿಲ್ಲ.

ಪ್ರದರ್ಶನಕ್ಕೆ ಪಕ್ಕದಲ್ಲಿ ಕೂತು ಬರಬೇಕಾದವಳು ಹೆಂಡತಿ. ಅಷ್ಟರಲ್ಲಿ ಡಾಕ್ಟರ ಸೋದರತ್ತೆಯ ಫೋನು ಬಂತು. ತಂದೆ ತೀರಿದ ಮೇಲೆ ಡಾಕ್ಟರನ್ನು ಓದಿಸಿ ಮನುಷ್ಯನನ್ನಾಗಿ ಮಾಡಿದ ಅತ್ತೆ. ಆಳೂ ಭಾರಿ, ಮಾತೂ ಭಾರಿ. ಈ ಕಾರನ್ನು ಮೊದಲ ದಿನವೇ "ಕೋಳಿಗೂಡು" ಎಂದು ಕರೆದವರು ಇವತ್ತಿನವರೆಗೂ ಹೆಸರು ಬದಲಿಸಿರಲಿಲ್ಲ. ಈಗ ಅವರೇ, ಪ್ರದರ್ಶನಕ್ಕೆ ತಾವೂ ಬರುವುದಾಗಿಯೂ ಬಂದು ಕರೆದುಕೊಂಡು ಹೋಗಬೇಕೆಂದೂ ಹೇಳಿ ಫೋನಿಟ್ಟರು.

"ಹೋಗಿ ಕರ್ಕೊಂಡು ಬನ್ನಿ. ನಾನು ಬಸ್ಸಲ್ಲಿ ಬರ್ತೀನಿ," ಎಂದಳು ಹೆಂಡತಿ. "ಅವರು ಒಂದು ಸಲ ಚೆನ್ನಾಗಿದೆ ಅನ್ನಲಿ ಅಂತ ನೀವು ಎಷ್ಟು ವರ್ಷದಿಂದ ಕಾಯ್ತಿದೀರಿ ಅಂತ ನಂಗೊತ್ತಿಲ್ವಾ?"

ಡಾಕ್ಟರು ಆಗಲೇ ಕಾರು ಹತ್ತಿ ಹೊರಟರು. ಅತ್ತೆಯ ಮನೆ ಇರುವುದು ಮುಂದೆ ದಾರಿಯಿಲ್ಲದ ಓಣಿಯ ಕೊನೆಯಲ್ಲಿ ಎಂಬುದು ನೆನಪಾದದ್ದು ಅರ್ಧ ದಾರಿ ಹೋದ ಮೇಲೆ.

ಓಣಿಯ ಬಾಯಲ್ಲೇ ಕಾರು ನಿಲ್ಲಿಸಿ ಹಾರ್ನ್ ಬಾರಿಸಿದರು. ಅತ್ತೆ ಬಾಗಿಲಿಗೆ ಬಂದು, ಬಾ ಎಂದು ಕೈ ಮಾಡಿದರು. ಡಾಕ್ಟರು, ನೀವೇ ಬನ್ನಿ ಎಂದು ಕೈ ಮಾಡಿದರು. ಅತ್ತೆ ತಮ್ಮ ಮೊಣಕಾಲು ತೋರಿಸಿ, ಕುರ್ಚಿ ತರಿಸಿಕೊಂಡು ಬಾಗಿಲಲ್ಲೇ ಕೂತುಬಿಟ್ಟರು. ಆಮೇಲೆ ಮಾತುಕತೆಗೆ ಎಡೆಯಿರಲಿಲ್ಲ. ಡಾಕ್ಟರು ಕಾರನ್ನು ಓಣಿಯೊಳಗೆ ಬಿಟ್ಟರು.

ಅವರ ಪುಣ್ಯಕ್ಕೆ ಪಕ್ಕದ ಮನೆಯಲ್ಲಿ ಯಾರೋ ಮನೆ ಖಾಲಿ ಮಾಡುತ್ತಿದ್ದರು. ಕಟ್ಟುಮಸ್ತಾದ ನಾಲ್ವರು ಒಂದು ಬೀರುವನ್ನು ಹೊರಗೆ ತಂದು ಬೆವರು ಒರೆಸಿಕೊಳ್ಳುತ್ತಿದ್ದರು. ಡಾಕ್ಟರು ಅವರ ಬಳಿ ಹೋಗಿ, ಕಾರಿಗೆ ಹೊಸ ಬಣ್ಣ, ಹೊಸ ಟೈರು, ನೆಲಕ್ಕೆ ಉಜ್ಜಿ ತಿರುಗಿಸಲು ಮನಸ್ಸು ಬಾರದು ಎಂದು ಮೆಲ್ಲಗೆ ತೋಡಿಕೊಂಡರು. ನಾಲ್ವರೂ ಕಾರನ್ನು ಒಮ್ಮೆ ನೋಡಿದರು, ಬೀರುವನ್ನು ಒಮ್ಮೆ ನೋಡಿದರು. ಆಮೇಲೆ ಅದರ ಹಿಂಭಾಗವನ್ನು ತೊಟ್ಟಿಲಿನ ಹಾಗೆ ಎತ್ತಿ, ಸುತ್ತಿಸಿ, ಮೂತಿಯನ್ನು ಬೀದಿಯ ಕಡೆಗೆ ಮಾಡಿ ಇಟ್ಟುಬಿಟ್ಟರು.

ಅತ್ತೆ ಇದನ್ನೆಲ್ಲ ಬೆರಗಾಗಿ ನೋಡಿದರು. ಎಷ್ಟು ಹಗುರ ಇದೆಯೋ ಎಂದರು. ಸೀಟಿನಲ್ಲಿ ಕೂತು, ಹೊಲಿಗೆಯ ಮೇಲೆ ಬೆರಳಾಡಿಸಿ, ಇದು ಯಾರ ಕೈಕೆಲಸ ಎಂದು ಕೇಳಿದರು. ನನ್ನದೇ ಎಂದಾಗ ಏನೂ ಹೇಳದೆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡರು. ಆದರೆ ಕೋಳಿಗೂಡು ಎನ್ನಲಿಲ್ಲ. ಡಾಕ್ಟರಿಗೆ ಅಷ್ಟೇ ಸಾಕಾಗಿತ್ತು.

ಮೈದಾನಕ್ಕೆ ಹೋಗಲು ಒಂದು ಕಿರಿದಾದ ಸೇತುವೆ ದಾಟಬೇಕು. ಒಂದು ಗಾಡಿ ಹೋಗುವಷ್ಟೇ ಜಾಗ. ಕಾರು ನಡುವಿಗೆ ಬರುವಷ್ಟರಲ್ಲಿ ಎದುರಿನಿಂದ ಒಂದು ಬ್ರೆಡ್ ವ್ಯಾನು ಬಂತು. ಅದರ ಬೆನ್ನಿಗೆ ಇನ್ನಷ್ಟು ಗಾಡಿಗಳು. ವ್ಯಾನಿನವನು ತಲೆ ಹೊರಗೆ ಹಾಕಿ, ನಿಮ್ಮ ಹಿಂದೆ ಯಾರೂ ಇಲ್ಲ, ನೀವೇ ಸ್ವಲ್ಪ ಹಿಂದೆ ಹೋಗಿ ಎಂದ. ನ್ಯಾಯವಾದ ಮಾತು. ಡಾಕ್ಟರು ಸ್ಟಿಯರಿಂಗ್ ಹಿಡಿದು ನೇರವಾಗಿ ಮುಂದೆ ನೋಡುತ್ತಾ ಕೂತರು. ಹಾರ್ನುಗಳು ಶುರುವಾದವು. ಜನ ಇಳಿದು ಬಂದರು. ವ್ಯಾನಿನವನು ಹತ್ತಿರ ಬಂದು, ಹಿಂದೆ ತೆಗೀತೀರೋ ಇಲ್ಲವೋ ಎಂದು ಕೇಳಿದ.

"ಈ ಕಾರು ಹಿಂದೆ ಹೋಗಲ್ಲಪ್ಪ," ಎಂದರು ಡಾಕ್ಟರು, ಬರೀ ನಿಜವನ್ನೇ ನುಡಿದು.

ಹೇಳಿದ್ದು ಒಂದಾದರೆ ಕೇಳಿಸಿದ್ದು ಇನ್ನೊಂದು. ಜನ ಅದನ್ನು ಸವಾಲೆಂದುಕೊಂಡರು. ಆಗ ಅತ್ತೆ ಸೀಟಿನಿಂದ ಎದ್ದು ನಿಂತರು. ಚಾವಣಿಯಿಲ್ಲದ ಕಾರಾದ್ದರಿಂದ ಅವರು ನಿಂತದ್ದು ಎಲ್ಲರಿಗೂ ಕಂಡಿತು.

"ಕೇಳಿಸ್ತೇನಪ್ಪಾ? ನಮ್ಮ ಮನೆತನದಲ್ಲಿ ಹಿಂದೆ ಸರಿದವರು ಯಾರೂ ಇಲ್ಲ. ಈ ಕಾರನ್ನ ಇವನು ಕೈಯಾರೆ ಕಟ್ಟಿದಾನೆ. ಒಂದೊಂದು ಹೊಲಿಗೇನೂ ಅವನದ್ದೇ. ನೀನು ಆ ಬ್ರೆಡ್ ಕೈಯಾರೆ ಮಾಡಿದೀಯಾ?"

ವ್ಯಾನಿನವನು ಗೊಣಗುತ್ತಾ ಹಿಂದೆ ಸರಿದ, ಅವನ ಹಿಂದಿನವರೂ ಸರಿದರು. ಯಾರೋ ಚಪ್ಪಾಳೆ ತಟ್ಟಿದರು. ಡಾಕ್ಟರಿಗೆ ನಾಚಿಕೆಯೂ ಆಯಿತು, ಎದೆಯೂ ಉಬ್ಬಿತು. ಸೇತುವೆ ದಾಟುವಷ್ಟರಲ್ಲಿ ನಾಚಿಕೆ ಕರಗಿ ಹೋಗಿತ್ತು.

ಮೈದಾನದ ಬಾಗಿಲಲ್ಲಿ ಸೀಟಿ ಕೇಳಿಸಿತು. ಸ್ಟೇಷನ್ ಮಾಸ್ತರು ತೋಳಿಗೆ ಹಸಿರು ಪಟ್ಟಿ ಕಟ್ಟಿಕೊಂಡು ಸ್ವಯಂಸೇವಕರಾಗಿ ನಿಂತಿದ್ದರು. ಅವರ ಏರ್ಪಾಟಿನಲ್ಲಿ ಕಾರುಗಳೆಲ್ಲ ಹಿಂದಕ್ಕೆ ಸರಿದು ಬೆನ್ನನ್ನು ಹಗ್ಗಕ್ಕೆ ಕೊಟ್ಟು, ಮುಖವನ್ನು ಮೈದಾನಕ್ಕೆ ಮಾಡಿ ಶಾಲೆಯ ಮಕ್ಕಳ ಹಾಗೆ ಸಾಲಾಗಿ ನಿಂತಿದ್ದವು. ಡಾಕ್ಟರು ಯಾರ ಕಡೆಗೂ ನೋಡದೆ ನೇರವಾಗಿ ನುಗ್ಗಿ, ಮೂತಿಯನ್ನು ಹಗ್ಗಕ್ಕೆ ಒತ್ತಿ ನಿಲ್ಲಿಸಿಬಿಟ್ಟರು. ಮಾಸ್ತರು ಓಡಿ ಬಂದು, ತಿರುಗಿಸಿ ಡಾಕ್ಟ್ರೇ, ಸಾಲು ಕೆಡುತ್ತೆ ಎಂದು ಬೇಡಿಕೊಂಡರು. ನನ್ನ ಕಾರನ್ನು ನೋಡಬೇಕಾದ್ದೇ ಹಿಂದಿನಿಂದ ಎಂದುಬಿಟ್ಟರು ಡಾಕ್ಟರು.

ಅವರು ತಪ್ಪಿಸಿಕೊಳ್ಳಲು ಆಡಿದ ಮಾತು ನಿಜವಾಗಿಬಿಟ್ಟಿತು. ಮುಖ್ಯ ತೀರ್ಪುಗಾರ್ತಿ ಒಂದು ಕಾಲಕ್ಕೆ ತಾವೇ ರೇಸಿನಲ್ಲಿ ಕಾರು ಓಡಿಸಿದ ಹೆಂಗಸು. ಸಾಲುಸಾಲು ಮೂತಿಗಳನ್ನು ನೋಡಿ ನೋಡಿ ಬೇಸತ್ತಿದ್ದರು. ನಡುವೆ ಈ ಒಂದು ಬೆನ್ನು ಕಂಡದ್ದೇ ನಿಂತರು. ಬಗ್ಗಿ ನೋಡಿದರು. ಅಂಗೈಯನ್ನು ಮೇಲಿನಿಂದ ಕೆಳಗೆ ಜಾರಿಸಿದರು.

"ಇದು ಕಾರ್ಖಾನೆಯಲ್ಲಿ ಆಗಿದ್ದಲ್ಲ," ಎಂದರು.

"ಅಲ್ಲ. ನಾನೇ ತಟ್ಟಿದ್ದು."

"ಯಾವುದರಲ್ಲಿ?"

"ಮರದ ಸುತ್ತಿಗೆ. ಕೊನೆಕೊನೆಗೆ ಚಮಚದ ಬೆನ್ನಲ್ಲಿ."

ಅವರು ಇನ್ನೊಮ್ಮೆ ಕೈ ಜಾರಿಸಿ, ಎಲ್ಲೂ ತಡೆಯಲ್ಲವಲ್ಲ ಎಂದು ತಮಗೆ ತಾವೇ ಹೇಳಿಕೊಂಡರು. ಅದನ್ನು ಕೇಳಿ ಅತ್ತೆ ಪಕ್ಕದಲ್ಲಿದ್ದ ಅಪರಿಚಿತರೊಬ್ಬರಿಗೆ, ಇದು ನಮ್ಮ ಕಾರು ಎಂದರು. ಬಸ್ಸಿನಲ್ಲಿ ಬಂದು ಸೇರಿಕೊಂಡಿದ್ದ ಹೆಂಡತಿ ಡಾಕ್ಟರ ಕೈ ಹಿಡಿದು ಅದುಮಿದಳು.

ಮೊದಲ ಬಹುಮಾನ ಡಾಕ್ಟರ ಕಾರಿಗೇ ಬಂತು. ಹೆಸರು ಕೂಗಿದ ಮೇಲೆ ಮೈಕಿನಲ್ಲಿ ಇನ್ನೂ ಒಂದು ಮಾತು ಕೇಳಿಸಿತು. ಗೆದ್ದವರು ಕಾರನ್ನು ವೇದಿಕೆಯ ಮುಂದೆ ತಂದು ಬೆಳ್ಳಿ ಬಟ್ಟಲು ಸ್ವೀಕರಿಸಬೇಕಂತೆ.

ಮುಂದೆ ಹಗ್ಗ, ಎರಡೂ ಕಡೆ ಕಾರುಗಳು. ವೇದಿಕೆ ಇದ್ದದ್ದು ಹಿಂದೆ.

ಡಾಕ್ಟರು ಎಂಜಿನ್ ಚಾಲೂ ಮಾಡಿ, ಕ್ಲಚ್ಚು ಒತ್ತಿ ಹಿಡಿದು ಕೂತರು. ಮೈದಾನದ ಜನವೆಲ್ಲ ಅವರ ಬೆನ್ನನ್ನೇ ನೋಡುತ್ತಿತ್ತು. ಸ್ಟೇಷನ್ ಮಾಸ್ತರು ಕಾರಿನ ಹಿಂದೆ ಕಾಲು ಅಗಲಿಸಿ ನಿಂತು, ಸೀಟಿಯನ್ನು ತುಟಿಗೆ ತಂದರು. ಇಷ್ಟು ಜನರ ಮುಂದೆ ಅವರು ಯಾವ ಗಾಡಿಯನ್ನೂ ಹಿಂದೆ ತಂದವರಲ್ಲ. ಗೇರು ಬೀಳಲಿಲ್ಲ. ಇನ್ನೊಮ್ಮೆ ನೂಕಿದರೂ ಬೀಳಲಿಲ್ಲ. ಡಾಕ್ಟರ ಕುತ್ತಿಗೆಯಿಂದ ಬೆವರು ಹರಿದು ಕಾಲರಿಗಿಳಿಯಿತು. ಇನ್ನು ನಿಜ ಹೇಳಿ ಮಾನ ಕಳೆದುಕೊಳ್ಳುವುದೇ ಸರಿ ಎಂದು ಅವರು ಬಾಯಿ ತೆರೆದರು.

ಅಷ್ಟರಲ್ಲಿ, ನಾನೂ ಬರ್ತೀನಿ ಎಂದು ಅತ್ತೆ ಬಾಗಿಲು ತೆಗೆದರು. ಕಾರು ತಗ್ಗು, ಅತ್ತೆಯ ಮೊಣಕಾಲು ಬಾಗದು. ಹಿಡಿದುಕೊಳ್ಳಲು ಏನಾದರೂ ಬೇಕಿತ್ತು. ಗೇರಿನ ಹಿಡಿ ಸಿಕ್ಕಿತು. ಅದರ ಮೇಲೆ ತಮ್ಮ ಇಡೀ ಭಾರ ಬಿಟ್ಟು ದೊಪ್ಪನೆ ಕೂತರು.

ಕಟಕ್ ಎಂದಿತು. ಡಾಕ್ಟರು ಬೆಚ್ಚಿ ಕ್ಲಚ್ಚಿನಿಂದ ಕಾಲು ತೆಗೆದರು. ಕಾರು ಹಿಂದಕ್ಕೆ ಹೊರಟಿತು.

"ಬರ್ಲಿ ಬರ್ಲಿ ಬರ್ಲಿ," ಎಂದರು ಮಾಸ್ತರು, ಗದ್ಗದ ಕಂಠದಲ್ಲಿ.

ಗೀಟು ಎಳೆದ ಹಾಗೆ ನೆಟ್ಟಗೆ ಹೋಗಿ ಕಾರು ವೇದಿಕೆಯ ಮುಂದೆ ನಿಂತಿತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಬೆಳ್ಳಿ ಬಟ್ಟಲು ಅತ್ತೆಯ ತೊಡೆಯ ಮೇಲೆ ಬಂದು ಕೂತಿತು. ಬಟ್ಟಲು ಗೆದ್ದದ್ದಕ್ಕಿಂತ ಕಾರು ಹಿಂದೆ ಸರಿದದ್ದಕ್ಕೇ ಡಾಕ್ಟರ ಕಣ್ಣು ಒದ್ದೆಯಾಗಿದೆ ಎಂದು ಹೆಂಡತಿಗೆ ಮಾತ್ರ ಗೊತ್ತಿತ್ತು.

ಮನೆಗೆ ಹೊರಡಲೆಂದು ಅವರು ಮೊದಲನೇ ಗೇರು ಹಾಕಹೋದರು. ಹಿಡಿ ಅಲುಗಲಿಲ್ಲ. ಎರಡೂ ಕೈಯಿಂದ ಎಳೆದರು. ಸಿಮೆಂಟಿನಲ್ಲಿ ನೆಟ್ಟ ಕಂಬದ ಹಾಗೆ ನಿಂತಿತ್ತು.

ಕಾರು ಊರಿನ ದೊಡ್ಡ ಬೀದಿಯುದ್ದಕ್ಕೂ ಹಿಂದುಹಿಂದಾಗಿಯೇ ಮನೆಗೆ ಬಂತು. ಡಾಕ್ಟರು ಕುತ್ತಿಗೆ ತಿರುಚಿಕೊಂಡು ಓಡಿಸಿದರು. ಮಾಸ್ತರು ಸೀಟಿ ಊದುತ್ತಾ ದಾರಿ ಬಿಡಿಸಿಕೊಂಡು ಓಡಿದರು. ಹಿಂಬಾಲಿಸಿ ಬಂದ ಗಾಡಿಗಳವರೆಲ್ಲ ತಮಗೆ ಎದುರಾಗಿ ಕಾಣುತ್ತಿದ್ದುದರಿಂದ ಅತ್ತೆ ಇದನ್ನು ಗೆದ್ದವರಿಗೆ ಮಾಡುವ ಮೆರವಣಿಗೆಯ ಕ್ರಮವೆಂದು ತಿಳಿದು, ಬಟ್ಟಲೆತ್ತಿ ಎಲ್ಲರಿಗೂ ತೋರಿಸುತ್ತಾ ಬಂದರು. ಇಷ್ಟು ಚೆಂದದ ಕಾರು ನಮ್ಮ ವಂಶದಲ್ಲೇ ಯಾರಿಗೂ ಇರಲಿಲ್ಲ ಎಂದು ದಾರಿಯಲ್ಲಿ ಎರಡು ಸಲ ಹೇಳಿದರು. ಡಾಕ್ಟರು ಕುತ್ತಿಗೆ ನೋವನ್ನು ಮರೆತರು.

ಬಸ್ಸಿನಲ್ಲಿ ಮೊದಲೇ ಬಂದಿದ್ದ ಹೆಂಡತಿ ಬಾಗಿಲು ತೆರೆದಿಟ್ಟಿದ್ದ ಶೆಡ್ಡಿನೊಳಗೆ ಕಾರು ಬೆನ್ನು ಮುಂದಾಗಿ ಸೇರಿಕೊಂಡಿತು. ಮಾಸ್ತರು ಏದುಸಿರು ಬಿಡುತ್ತಾ ಸೀಟಿಯನ್ನು ಜೇಬಿಗಿಟ್ಟು, ಇವತ್ತು ನೀವು ಕಾರು ನಿಲ್ಲಿಸಿದ ಹಾಗೆ ಈ ಬೀದಿಯಲ್ಲಿ ಯಾರೂ ನಿಲ್ಲಿಸಿಲ್ಲ ಎಂದು ಕೈ ಕುಲುಕಿದರು. ಅತ್ತೆ, ಮುಂದಿನ ಭಾನುವಾರ ಊರಿನ ಕಾರುಗಳ ಮೆರವಣಿಗೆಗೆ ಈ ಕಾರೇ ಮುಂದಿರಬೇಕೆಂದು ಆ ತೀರ್ಪುಗಾರ್ತಿ ಕೇಳಿದರು, ನಾನು ಒಪ್ಪಿಕೊಂಡುಬಿಟ್ಟೆ ಎಂದು ಹೇಳಿ ಕೈ ತೊಳೆಯಲು ಒಳಗೆ ಹೋದರು.

ಶೆಡ್ಡಿನ ಬಾಗಿಲಲ್ಲಿ ಗಂಡ ಹೆಂಡತಿ ಇಬ್ಬರೇ ಉಳಿದರು.

"ರೀ, ಈಗ ಇದು ಮುಂದಕ್ಕೆ ಹೋಗಲ್ಲ ಅಲ್ವಾ?"

"ಇಲ್ಲ."

"ಶೆಡ್ಡಿನ ಬಾಗಿಲಿರೋದು ಮುಂದೆ ಅಲ್ವಾ?"

ಡಾಕ್ಟರು ಕರವಸ್ತ್ರ ತೆಗೆದು, ಮುಂದಿನ ದೀಪದ ಮೇಲೆ ಬಿದ್ದಿದ್ದ ಯಾರದೋ ಬೆರಳ ಗುರುತನ್ನು ಒರೆಸಿದರು.

"ಆದ್ರೂ ಎಷ್ಟು ಚೆನ್ನಾಗಿ ನಿಂತಿದೆ ನೋಡು," ಎಂದರು.