ಚುಟ್ಟಕ್ಕೊಂದು ಸೂರು

ಬೆಟಗೇರಿಯ ಸಾಮೂಹಿಕ ಮಗ್ಗದ ಶೆಡ್ಡು ಸೋರುತ್ತಿರುವ ವಿಷಯವು ಸೂರು ಅಭಿವೃದ್ಧಿ ಪ್ರಾಧಿಕಾರದ ಗಮನಕ್ಕೆ ಬಂದಿರುತ್ತದೆ. ಬಂದದ್ದು ಹಲವು ಮಳೆಗಾಲಗಳಿಂದ ಗಮನದಲ್ಲಿಯೇ ಭದ್ರವಾಗಿದ್ದು, ಅಲ್ಲಿ ಮಾತ್ರ ಒಂದು ಹನಿಯೂ ಸೋರಿರುವುದಿಲ್ಲ.

ಅಂದಪ್ಪ ನೇಕಾರರ ಸಂಘದ ಅಧ್ಯಕ್ಷ. ಅಧ್ಯಕ್ಷನಾದರೇನು, ಅವನ ಮಗ್ಗ ಇದ್ದದ್ದು ಎಲ್ಲಕ್ಕಿಂತ ದೊಡ್ಡ ತೂತಿನ ಕೆಳಗೆ. ಹೋದ ವರ್ಷ ಮಗಳು ಕಾಂಚನಾಳ ಮದುವೆಗೆಂದು ನೇಯುತ್ತಿದ್ದ ಸೀರೆ ನೆನೆದು, ಕೆಂಪು ಅಂಚು ಒಡಲಿಗೆಲ್ಲ ಬಣ್ಣ ಬಿಟ್ಟಾಗ ಅವನು ಮಗ್ಗದ ಗುಂಡಿಯಲ್ಲೇ ಕೂತು ಅತ್ತಿದ್ದ. ಈ ಮಳೆಗೆ ಮುಂಚೆ ಸೂರಾಗದಿದ್ದರೆ ಮಗ್ಗ ಬಿಚ್ಚಿ ಕಟ್ಟಿಗೆಗೆ ಮಾರುವುದೆಂದು ನೇಕಾರರೆಲ್ಲ ಮಾತಾಡಿಕೊಂಡಿದ್ದರು.

ಪ್ರಾಧಿಕಾರದ ನಿಯಮ ಸ್ಪಷ್ಟವಿತ್ತು: 'ಸೋರುವ ಸೂರನ್ನು ದುರಸ್ತಿಗೊಳಿಸುವ ಮುನ್ನ ಸೋರದ ಸೂರನ್ನು ಪ್ರತ್ಯಕ್ಷ ಅಧ್ಯಯನ ಮಾಡತಕ್ಕದ್ದು. ಸದರಿ ಸೂರು ಪರದೇಶದ್ದಾಗಿರತಕ್ಕದ್ದು.' ಅದರಂತೆ ಸಹನಿರ್ದೇಶಕ ಹೊನ್ನೇಶ ಸಾಹೇಬರು ಸ್ಪೇನ್ ದೇಶಕ್ಕೆ ಹೊರಟರು. ಫಲಾನುಭವಿಗಳ ಪರವಾಗಿ ಅಂದಪ್ಪ ಹೊರಟ. ಚೀಲ ಹೊರಲು ಒಬ್ಬರು ಬೇಕಾಗಿತ್ತು.

ಸಾಹೇಬರಿಗೆ ಹಳೆಯ ಚುಟ್ಟದ ಚಟ. ಹೊಸದನ್ನು ಅವರು ಮುಟ್ಟುವವರಲ್ಲ. ಡಬ್ಬಿಯಲ್ಲಿ ವರ್ಷಗಟ್ಟಲೆ ಮಲಗಿದ್ದೇ ಬೇಕು. ಅಂಥದ್ದು ದೊಡ್ಡ ಅಂಗಡಿಗಳಲ್ಲಿ ಸಿಗುವುದಿಲ್ಲವಂತೆ. ಸಂದಿಗೊಂದಿಯ ಮುದುಕರ ಅಂಗಡಿಗಳಲ್ಲಿ, ಮೇಲಿನ ಹಲಗೆಯ ಧೂಳಿನಲ್ಲಿ ಹುಡುಕಬೇಕಂತೆ. ಸ್ಪೇನಿನಲ್ಲಿ ಇಳಿದಿದ್ದೇ ಹುಡುಕಿದರು. ಡಬ್ಬಿಯ ತಳ ತಿರುವಿ ತಾರೀಖು ಓದಿದರು, ಮೂಸಿದರು, ಚುಟ್ಟವೊಂದನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಒತ್ತಿದರು. ಅಂದಪ್ಪ ಪ್ರತಿ ಅಂಗಡಿಯಲ್ಲೂ ತಲೆಯೆತ್ತಿ ಮಾಳಿಗೆ ನೋಡುತ್ತ ನಿಂತ.

"ಸಾಹೇಬ್ರ, ಸೂರು ಯಾವಾಗ ನೋಡೂದ್ರಿ?"

"ಈಗ ಏನ ನೋಡಾಕತ್ತೀಯೋ ಮಾರಾಯಾ? ಅಂಗಡಿಗೆ ಸೂರಿಲ್ಲೇನು? ಬರಕೋ."

ಬಡವನ ಕೋಪ ದವಡೆಗೆ ಮೂಲ. ಅಂದಪ್ಪ ಬರೆದುಕೊಂಡ.

ಕೊನೆಗೆ ಸಾಹೇಬರ ನೌಕರಿಗಿಂತ ಹಿರಿಯದಾದ ಒಂದು ಡಬ್ಬಿ ಸಿಕ್ಕಿತು. ಪ್ರಾಧಿಕಾರದ ಮಹಾನಿರ್ದೇಶಕರಿಗೆ ಅದನ್ನು ಕಾಣಿಕೆ ಕೊಟ್ಟರೆ ತಮಗೆ ಬಡ್ತಿ, ಬೆಟಗೇರಿಗೆ ಸೂರು ಎಂದು ಸಾಹೇಬರು ಮಾತು ಕೊಟ್ಟರು. ಆದರೆ ಸಾಹೇಬರ ಮನೆಯವರಿಗೆ ತಂಬಾಕಿನ ವಾಸನೆ ಆಗದು. ಹೀಗಾಗಿ ಊರಿಗೆ ಮರಳಿದ ಮೇಲೆ ಡಬ್ಬಿ ಕೆಲವು ದಿನ ಅಂದಪ್ಪನ ಮನೆಯಲ್ಲಿ ಇರತಕ್ಕದ್ದೆಂದು ಮೌಖಿಕ ಆದೇಶವಾಯಿತು.

ಬೆಟಗೇರಿಯಲ್ಲಿ ಹಳೆಯದನ್ನು ಕಾಪಾಡುವ ಕ್ರಮ ಒಂದೇ: ಬಿಸಿಲಿಗೆ ಹಾಕುವುದು. ಅಂದಪ್ಪ ಸಂಘದ ಕೆಲಸಕ್ಕೆಂದು ಲಕ್ಷ್ಮೇಶ್ವರಕ್ಕೆ ಹೋಗಿ ಬರುವಷ್ಟರಲ್ಲಿ ಹೆಂಡತಿ ಬನಶಂಕರಿ ಡಬ್ಬಿ ತೆಗೆದು, ಚುಟ್ಟಗಳನ್ನು ಮಾಳಿಗೆಯ ಮೇಲೆ ಒಣಮೆಣಸಿನಕಾಯಿಯ ಜೊತೆ ಹರವಿದ್ದಳು.

"ಏನ ಮಾಡಿದಿ ನೀ!"

"ಬಿಳೇ ಬೂಷ್ಟು ಹಿಡದಿತ್ರೀ. ಹಂಗ ಬಿಟ್ಟಿದ್ರ ಹುಳಾ ಬೀಳ್ತಿದ್ವು. ಒಣಗಿ ಸೀಳಿದ್ವು, ಅದಕ್ಕೂ ಚಿಂತಿ ಮಾಡಬ್ಯಾಡ್ರಿ. ಹಾಸಿನ ನೂಲಿಗೆ ಹಚ್ಚೂ ಗಂಜಿ ಹಚ್ಚೀನಿ."

ನೂಲಿಗೆ ಹಚ್ಚುವ ಗಂಜಿ ತಿಂದ ಚುಟ್ಟಗಳು ಇಸ್ತ್ರಿ ಮಾಡಿದಂತೆ ಸೆಟೆದು ನಿಂತಿದ್ದವು. ಸೂರು ಹೋಯಿತೆಂದುಕೊಂಡ ಅಂದಪ್ಪ. ಓಡಿಹೋಗಿ ಸಾಹೇಬರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದ.

"ಸಾಹೇಬ್ರ, ಮೆಣಸಿನಕಾಯಿ ಜೋಡಿ ಒಣಗ್ಯಾವ್ರಿ. ಕೊಡಬ್ಯಾಡ್ರಿ."

"ಹಳೇ ಮಾಲಿನ ಖಬರ ನಿನಗೇನ ಐತೋ? ಸುಮ್ನಿರು."

ಮಹಾನಿರ್ದೇಶಕರು ಸಭೆಯಲ್ಲಿಯೇ ಒಂದನ್ನು ಹಚ್ಚಿದರು. ಮೊದಲ ದಮ್ಮಿಗೆ ಕಣ್ಣು ಕೆಂಪಾದವು. ಎರಡನೆಯದಕ್ಕೆ ನೀರು ಧಾರಾಕಾರವಾಗಿ ಹರಿದು, ಸಭೆಯೇ ಕೆಮ್ಮತೊಡಗಿತು. ಹೊನ್ನೇಶ ಸಾಹೇಬರು ಕೈಮುಗಿದು, "ಸರ್, ಇದು ವಯಸ್ಸಿನ ಖಾರ" ಎಂದರು. ಖಾರ ಹತ್ತಿತೆಂದರೆ ಹಳೆಯ ಮಾಲಿನ ಅರಿವಿಲ್ಲವೆಂದಾಗುತ್ತದೆ. ಮಹಾನಿರ್ದೇಶಕರು ಮೂಗು ಒರೆಸಿಕೊಂಡು, "ಇಷ್ಟು ಹಳೇದನ್ನ ನಾನು ಸೇದೇ ಇರಲಿಲ್ಲ" ಎಂದು ದಾಖಲಿಸಿದರು. ಸಭೆ ಕೆಮ್ಮುತ್ತಲೇ ಅನುಮೋದಿಸಿತು.

ವಾರದೊಳಗೆ ಆದೇಶ ಹೊರಬಿತ್ತು. ಬೆಟಗೇರಿಯ ಹವೆಯಲ್ಲಿ ಚುಟ್ಟಗಳು ಅಪೂರ್ವವಾಗಿ ಪಕ್ವವಾಗುವುದು ದೃಢಪಟ್ಟಿರುವುದರಿಂದ ಸದರಿ ಶೆಡ್ಡಿಗೆ ತುರ್ತಾಗಿ ಸೂರು ಮಂಜೂರು ಮಾಡಿ, ಅದನ್ನು ಚುಟ್ಟ ಪಕ್ವತಾ ಕೇಂದ್ರವೆಂದು ಘೋಷಿಸಲಾಗಿದೆ. ಮಗ್ಗದ ಸದ್ದಿನಿಂದ ಚುಟ್ಟಗಳ ವಿಶ್ರಾಂತಿಗೆ ಭಂಗ ಬರುವ ಕಾರಣ ಮಗ್ಗಗಳನ್ನು ಹೊರಗಿಡತಕ್ಕದ್ದು. ಇದನ್ನು ಓದಿದ ಶಿರಹಟ್ಟಿ, ಮುಂಡರಗಿಯವರು ತಮಗೂ ಒಂದು ಕೇಂದ್ರ ಬೇಕೆಂದು ಧರಣಿ ಕೂತರು.

ಉದ್ಘಾಟನೆಯ ದಿನವೇ ಮಳೆ ಹಿಡಿಯಿತು. ಅಂಗಳದಲ್ಲಿಟ್ಟ ಮಗ್ಗಗಳ ಮೇಲೆ ತಾಡಪತ್ರಿ ಎಳೆದು ನೇಕಾರರು ತೊಯ್ದು ತೊಪ್ಪೆಯಾದರು. ಅಂದಪ್ಪ ಬಾಗಿಲಲ್ಲಿ ನಿಂತು ಒಳಗೆ ಕತ್ತೆತ್ತಿ ನೋಡಿದ. ಬೆಳ್ಳಗೆ ಹೊಳೆಯುವ ಹೊಸ ತಗಡು. ಎಲ್ಲಿಯೂ ಒಂದು ತೊಟ್ಟಿಲ್ಲ. ಖರೆ ಹೇಳಬೇಕೆಂದರೆ ಅವನಿಗೆ ಸಂತೋಷವೇ ಆಯಿತು. ಇಷ್ಟು ವರ್ಷ ಬೇಡಿದ್ದು ಇದನ್ನೇ. ಒಂದು ಹೆಜ್ಜೆ ಒಳಗಿಟ್ಟ.

"ಏ ಅಂದಪ್ಪ, ಒದ್ದಿ ಅರಿವ್ಯಾಗ ಒಳಗ ಬರಬ್ಯಾಡೋ" ಎಂದರು ಸಾಹೇಬರು. "ಮಾಲಿಗೆ ಥಂಡಿ ಹತ್ತತೈತಿ."

"ಖರೆ ಐತ್ರಿ" ಎಂದ ಅಂದಪ್ಪ, ಕಾಲು ಹಿಂದಕ್ಕೆ ತೆಗೆದ. ಆಮೇಲೆ ಬೆನ್ನ ಹಿಂದೆ ನಿಂತ ನೇಕಾರರ ಕಡೆ ತಿರುಗಿ ಕೈ ಬೀಸಿದ.

"ಹಿಂದ ಸರೀರಿ, ಹಿಂದ ಸರೀರಿ. ಒಳಗ ಮಾಲು ಮಲಗೇತಿ."

ಎಲ್ಲರೂ ಮಳೆಯೊಳಕ್ಕೆ ಹಿಂದೆ ಸರಿದು ನಿಂತರು.