ಕೈ ತೊಳಕೊಂಡು ಬರ್ರಿ

ಯಾರಿಗಾದರೂ ‘ಬರಬೇಡಿ’ ಎನ್ನುವುದು ನನ್ನ ಜಾಯಮಾನದಲ್ಲಿಲ್ಲ. ಅಗರಬತ್ತಿ ಮಾರುವವನು ಬಾಗಿಲು ತಟ್ಟಿದರೂ ಕೂರಿಸಿ ಚಹಾ ಕೊಟ್ಟು, ಮನೆಯವರಿಂದ ಬೈಸಿಕೊಳ್ಳುವ ಪೈಕಿ ನಾನು. ಅಂಥವನನ್ನು ನನ್ನ ಹೆಂಡತಿ ಶಾಂತಾಳ ಕ್ಯಾನ್ಸರ್ ಚಿಕಿತ್ಸೆ ಬಾಗಿಲ ಕಾವಲಿಗೆ ನಿಲ್ಲಿಸಿಬಿಟ್ಟಿತು. ಕಿಮೋ ಕೊಟ್ಟ ಮೇಲೆ ರಕ್ತದಲ್ಲಿ ರೋಗ ತಡೆಯುವ ಬಿಳಿಕಣಗಳು ಇಳಿದುಹೋಗುತ್ತವಂತೆ. ನಮಗೆ ಬರೀ ನೆಗಡಿಯಾಗಿ ಹೋಗುವುದು ಅವಳ ಪ್ರಾಣಕ್ಕೇ ಬರಬಹುದಂತೆ. “ಜ್ವರ ಬಂದ್ರ ಮನಿಮದ್ದು ಮಾಡ್ಕೋತ ಕೂರಬ್ಯಾಡ್ರಿ, ಸೀದಾ ಆಸ್ಪತ್ರಿಗೆ ಬರ್ರಿ. ಬರದಂಗ ನೋಡ್ಕೊಳ್ಳೋದು ನಿಮ್ಮ ಕೆಲಸ” ಎಂದರು ಡಾಕ್ಟರು. ಬಂದವರು ಕೈ ತೊಳೆಯಬೇಕು, ನೆಗಡಿ ಕೆಮ್ಮಿನವರು ಒಳಗೆ ಬರಕೂಡದು.

ಹೇಳುವುದು ಸುಲಭ. ಬಳ್ಳಾರಿ ಸೀಮೆಯಲ್ಲಿ ಹಾಸಿಗೆ ಹಿಡಿದವರನ್ನು ಮಾತಾಡಿಸಲು ಹೋಗದಿದ್ದರೆ ಅದನ್ನು ಸಾಯುವತನಕ ಆಡಿಕೊಳ್ಳುತ್ತಾರೆ. ಕುರುಗೋಡಿನಿಂದ ನನ್ನ ಷಡ್ಡಕ ಬಂದ. ಹೊಸ್ತಿಲಲ್ಲೇ ಸಾಬೂನು, ಚೊಂಬು ನೀರು ಹಿಡಿದು “ಕೈ ತೊಳಕೊಂಡು ಬರ್ರಿ” ಎಂದೆ. ತೊಳೆದುಕೊಂಡವನೇ ಪಡಸಾಲೆಯಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತು, “ಯಾಕ ಸುಮ್ನ ತ್ರಾಸು ತಗಂತೀರಿ? ಎರಡು ರೊಟ್ಟಿ ಸಾಕು” ಎಂದ. ತಪ್ಪು ಅವನದಲ್ಲ. ನಮ್ಮಲ್ಲಿ ಬಂದವರ ಕೈಗೆ ನೀರು ಕೊಟ್ಟರೆ ಊಟಕ್ಕೆ ಕರೆದಂತೆಯೇ. ಒಲೆ ಹಚ್ಚಿ ನಾನೇ ರೊಟ್ಟಿ ತಟ್ಟಿದೆ. ಅದನ್ನು ಮುರಿಯಲು ಅವನು ಪಡುತ್ತಿದ್ದ ಪಾಡನ್ನು ಬಾಗಿಲ ಸಂದಿಯಿಂದ ನೋಡಿ ಶಾಂತಾ ನಕ್ಕಳು.

ಸಿರುಗುಪ್ಪದ ಸಣ್ಣಮ್ಮ ಬಂದ ದಿನ ಮಾತ್ರ ನಗುವ ಹಾಗಿರಲಿಲ್ಲ. ಆಕೆ ಶಾಂತಾಳ ತಾಯಿಯ ತಂಗಿ. ತಾಯಿಯಿಲ್ಲದ ಇವಳನ್ನು ಸಾಕಿದವಳು. ಎರಡೂ ಕೈಯಿಂದ ಮುಖ ಸವರಿ, ತನ್ನ ಹಣೆಯ ಪಕ್ಕಕ್ಕೆ ಬೆರಳೊತ್ತಿ ಲಟಲಟ ಲಟಿಕೆ ಮುರಿಯದಿದ್ದರೆ ಆಕೆಗೆ ಕಂಡಂತೆಯೇ ಅಲ್ಲ. ಶಾಂತಾಳ ಬಿಳಿಕಣಗಳು ತಳ ಮುಟ್ಟಿದ್ದ ಹೊತ್ತು ಅದು. ಸಣ್ಣಮ್ಮ ಬಸ್ಸಿಳಿದು ಬಂದದ್ದೇ ಸೀನುತ್ತ.

“ಬಾಗ್ಲಾ ಬಿಡ್ರಿ, ಅಳಿಯಾರ.”

“ನಿಮಗ ನೆಗಡಿ ಐತ್ರಿ. ಒಳಗ ಬ್ಯಾಡ್ರಿ.”

“ನಾ ಸಾಕಿದ ಕೂಸಿಗೆ ನಾನ ರೋಗ ಹಚ್ಚತೀನೇನ್ರಿ?”

ಆದರೂ ನನ್ನ ಕೈ ಬಾಗಿಲ ಚೌಕಟ್ಟು ಬಿಡಲಿಲ್ಲ. ಶಾಂತಾಳನ್ನು ಕಳೆದುಕೊಳ್ಳುವ ಭಯ ಅಷ್ಟಿತ್ತು. ಸಣ್ಣಮ್ಮ ಕಟ್ಟೆಯ ಮೇಲೆ ಕುಸಿದು ಮೂಗು, ಕಣ್ಣು ಒರೆಸಿಕೊಳ್ಳತೊಡಗಿದಳು.

“ಅಳಬ್ಯಾಡಬೇ” ಎನ್ನುತ್ತ ಶಾಂತಾ ಕಿಟಕಿಯ ಗಾಜಿನ ಹಿಂದೆ ಬಂದು ತಲೆಯ ಬಟ್ಟೆ ತೆಗೆದಳು. ಕೂದಲಿಲ್ಲದ ಆ ತಲೆಯನ್ನು ಸಣ್ಣಮ್ಮ ಕಂಡದ್ದು ಅದೇ ಮೊದಲು. ಕಟ್ಟೆಯಿಂದೆದ್ದು ಕಿಟಕಿಯ ಹತ್ತಿರ ಬಂದಳು. ಆಮೇಲೆ, “ಹುಟ್ಟಿದಾಗ ಹಿಂಗ ಇದ್ದಿ ನೋಡು” ಎಂದು ಗಾಜಿನ ಮೇಲೆಯೇ ಎರಡೂ ಕೈ ಸವರಿ ಲಟಿಕೆ ಮುರಿದಳು. ಗಾಜಿನ ಆಚೆ ಶಾಂತಾ ಕೆನ್ನೆ ಒಡ್ಡಿಕೊಂಡು ನಿಂತಿದ್ದಳು.

ಅಷ್ಟಕ್ಕೇ ಮುಗಿದಿದ್ದರೆ ನಾನು ಗೆದ್ದಂತೆ. “ನೀವೂ ಬತ್ತಿ ಹೋಗೀರಿ” ಎಂದವಳೇ ಸಣ್ಣಮ್ಮ, ಮೂಗೊರೆಸಿದ ಅದೇ ಕೈಗಳಿಂದ, ಕಟ್ಟೆಗಿಳಿದಿದ್ದ ನನ್ನ ಮುಖವನ್ನೂ ಸವರಿ ಲಟಿಕೆ ಮುರಿದಳು. ನನ್ನನ್ನೂ ಒಬ್ಬರು ವಿಚಾರಿಸಿದರಲ್ಲ ಎಂದು ನನಗೆ ಅಳುವೇ ಬಂತು. ಕಣ್ಣೊರೆಸಿಕೊಂಡು ಬಾಗಿಲು ತಳ್ಳಿದರೆ ಶಾಂತಾ ಒಳಗಿನಿಂದ ಚಿಲಕ ಹಾಕಿದ್ದಳು.

“ಹಿತ್ತಲ ನಳದಾಗ ಜಳಕ ಮಾಡಿ, ಮಾಸ್ಕ್ ಹಾಕ್ಕೊಂಡು ಬರ್ರಿ. ಅಲ್ಲೀತನಕ ಬಾಗ್ಲಾ ತಗಿಯಂಗಿಲ್ಲ.”

ನಾನು ನ್ಯಾಯಕ್ಕಾಗಿ ಸಣ್ಣಮ್ಮನ ಕಡೆ ನೋಡಿದೆ.

“ಮುಖ ಏನ್ ನೋಡ್ತೀರಿ ಅಳಿಯಾರ, ಹೋಗ್ರಿ!” ಎಂದು ಗದರಿದಳು ಆಕೆ. “ನಮ್ಮ ಹುಡಿಗಿಗೆ ರೋಗ ಹಚ್ಚಿಗಿಚ್ಚೀರಿ ಮತ್ತ!”